ಸಂಡೂರಿನ ಕೆಂಪು ಕಲ್ಲು, ಹಟ್ಟಿಯ ಚಿನ್ನ: ಪರಮಾಣು, ಧಾತು, ಆವರ್ತ ಕೋಷ್ಟಕದ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ನಾನು ಪ್ರೌಢಶಾಲೆಯಲ್ಲಿ ವಿಜ್ಞಾನ ಹೇಳಿಕೊಡುತ್ತೇನೆ. ಮೊದಲು ಸಂಡೂರಿನ ಕಡೆ ಇದ್ದೆ, ಆಮೇಲೆ ಲಿಂಗಸುಗೂರು, ಈಗ ಗಂಗಾವತಿ ಹತ್ತಿರದ ಒಂದು ಹಳ್ಳಿ. ಮೂರೂ ಜಿಲ್ಲೆಗಳಲ್ಲಿ ಮಕ್ಕಳು ಹೆಚ್ಚುಕಡಿಮೆ ಒಂದೇ ಪ್ರಶ್ನೆಗಳನ್ನು ಕೇಳುತ್ತಾರೆ. ಅವರ ಅಪ್ಪ ಅಮ್ಮಂದಿರೂ ಕೇಳುತ್ತಾರೆ. ಹಳೆಯ ವಿದ್ಯಾರ್ಥಿಗಳು ಬರೆದು ಕೇಳಿದ್ದೂ ಇದೆ. ಅವರು ಕೇಳಿದ ಮಾತಿನಲ್ಲೇ ಪ್ರಶ್ನೆಗಳನ್ನು ಇಲ್ಲಿ ಕೂಡಿಸಿದ್ದೇನೆ. ಸುಲಭದ್ದು ಮೊದಲು, ಗಟ್ಟಿ ಪ್ರಶ್ನೆಗಳು ಕೊನೆಗೆ.

## ಮೊದಲ ಮೆಟ್ಟಿಲು

ಪರಮಾಣು ಅಂದರೆ ಏನು ಟೀಚರ್? ಎಷ್ಟು ಚಿಕ್ಕದು?

ಚಿನ್ನವನ್ನು ಒಡೆಯುತ್ತಾ ಹೋದರೆ, ಇನ್ನೂ ಚಿನ್ನವಾಗಿಯೇ ಉಳಿಯುವ ಕೊನೆಯ ಚೂರೇ ಚಿನ್ನದ ಪರಮಾಣು. ಅದನ್ನೂ ಒಡೆದರೆ ಸಿಗುವುದು ಪ್ರೋಟಾನ್, ನ್ಯೂಟ್ರಾನ್, ಎಲೆಕ್ಟ್ರಾನ್. ಅವು ಚಿನ್ನವಲ್ಲ.

ಒಂದು ಗ್ರಾಂ ಚಿನ್ನದಲ್ಲಿ ಸುಮಾರು 3 ಕೋಟಿ ಕೋಟಿ ಕೋಟಿ ಪರಮಾಣುಗಳಿವೆ. ಬರೆಯುವಾಗ ಕೈತಪ್ಪಿ ಕೋಟಿ ಜಾಸ್ತಿ ಆಗಿಲ್ಲ, ಮೂರು ಸಲ ಕೋಟಿ. ಸೆಕೆಂಡಿಗೆ ಒಂದು ಕೋಟಿಯಂತೆ ಎಣಿಸಿದರೂ ಮುಗಿಸಲು ಹತ್ತಿರ ಹತ್ತಿರ 1 ಕೋಟಿ ವರ್ಷ ಬೇಕು.

ಇಷ್ಟು ಚಿಕ್ಕ ಪರಮಾಣುವಿನ ನಡುವೆ, ಪ್ರೋಟಾನ್ ನ್ಯೂಟ್ರಾನ್ ಕೂಡಿರುವ ನ್ಯೂಕ್ಲಿಯಸ್ ಇನ್ನೂ ಚಿಕ್ಕದು. ಚಿನ್ನದ ನ್ಯೂಕ್ಲಿಯಸ್ಸನ್ನು ಒಂದು ಜೋಳದ ಕಾಳಿನಷ್ಟು ದೊಡ್ಡದು ಮಾಡಿದರೆ, ಪರಮಾಣು ಸುಮಾರು 80 ಮೀಟರ್ ಅಗಲ ಆಗುತ್ತದೆ. ನಮ್ಮ ಶಾಲೆಯ ಮೈದಾನದ ನಡುವೆ ಒಂದು ಕಾಳು ಇಟ್ಟು ಮಕ್ಕಳಿಗೆ ತೋರಿಸುತ್ತೇನೆ. ಹೆಚ್ಚುಕಡಿಮೆ ತೂಕವೆಲ್ಲ ಆ ಕಾಳಿನಲ್ಲಿ. ಉಳಿದ ಮೈದಾನದಲ್ಲಿ ಎಲೆಕ್ಟ್ರಾನ್‌ಗಳು ಮಾತ್ರ.

ಕಣ್ಣಿಗೆ ಕಾಣದ್ದು ಇದೆ ಅಂತ ಹೇಗೆ ನಂಬೋದು?

ಸುಮ್ನೆ ನಂಬಬೇಡಿ, ಕೇಳಿದ್ದು ಒಳ್ಳೆಯದೇ ಆಯಿತು. ನೂರೈವತ್ತು ವರ್ಷದ ಹಿಂದೆ ದೊಡ್ಡ ದೊಡ್ಡ ವಿಜ್ಞಾನಿಗಳೂ ನಂಬಿರಲಿಲ್ಲ. ನೀರಿನಲ್ಲಿ ತೇಲುವ ಅತಿ ಸಣ್ಣ ಕಣಗಳು ಸೂಕ್ಷ್ಮದರ್ಶಕದಲ್ಲಿ ಅಂಕುಡೊಂಕಾಗಿ ಅಲುಗಾಡುತ್ತಲೇ ಇರುತ್ತವೆ. ನೀರಿನ ಅಣುಗಳು (ಪರಮಾಣುಗಳು ಕೂಡಿ ಆದ ಕಣಗಳು) ಎಲ್ಲ ಕಡೆಯಿಂದ ಗುದ್ದುವುದರಿಂದ ಹೀಗಾಗುತ್ತದೆ ಎಂದು 1905ರಲ್ಲಿ ಐನ್‌ಸ್ಟೈನ್ ಲೆಕ್ಕ ಹಾಕಿದರು. ಕೆಲವೇ ವರ್ಷಗಳಲ್ಲಿ ಫ್ರಾನ್ಸಿನ ಪೆರಿನ್ ಅಳತೆ ಮಾಡಿ ನೋಡಿದರು. ಲೆಕ್ಕ ಸರಿಹೋಯಿತು. ವಾದ ಅಲ್ಲಿಗೆ ಮುಗಿಯಿತು.

1981ರಲ್ಲಿ ಬಂದ ಒಂದು ಯಂತ್ರ ಲೋಹದ ಮೈಗೆ ತಾಗದಷ್ಟು ಹತ್ತಿರದಲ್ಲಿ ಚೂಪಾದ ಸೂಜಿಯನ್ನು ಆಡಿಸಿ, ಒಂದೊಂದೇ ಪರಮಾಣುವಿನ ಉಬ್ಬನ್ನು ಚಿತ್ರವಾಗಿ ತೋರಿಸಿತು. ಅದನ್ನು ಮಾಡಿದ ಬಿನ್ನಿಗ್ ಮತ್ತು ರೋರರ್ ಅವರಿಗೆ 1986ರಲ್ಲಿ ನೊಬೆಲ್ ಬಂತು.

ಒಂದು ಎಚ್ಚರ. ಕಿಟಕಿಯ ಬಿಸಿಲಿನಲ್ಲಿ ಕುಣಿಯುವ ಧೂಳು ಪರಮಾಣು ಅಲ್ಲ. ಅದರ ಕುಣಿತಕ್ಕೆ ಹೆಚ್ಚಾಗಿ ಗಾಳಿಯ ಓಡಾಟವೇ ಕಾರಣ.

ಕಣಾದ ಮುನಿ ಮೊದಲೇ ಹೇಳಿದ್ದರಲ್ವಾ? ಮತ್ತೆ ಡಾಲ್ಟನ್ ಹೆಸರು ಯಾಕೆ?

ಹೇಳಿದ್ದರು. ವಸ್ತು ಎಲ್ಲಾ ಒಡೆಯಲಾಗದ ಸಣ್ಣ ಕಣಗಳಿಂದ ಆಗಿದೆ ಎಂದು ಕಣಾದರ ವೈಶೇಷಿಕ ದರ್ಶನ ಹೇಳಿತು. ಗ್ರೀಸಿನಲ್ಲಿ ಡೆಮಾಕ್ರಿಟಸ್ ಹೇಳಿದರು. ಎರಡೂ ದೊಡ್ಡ ಆಲೋಚನೆಗಳೇ. ಆದರೆ ಅವು ತರ್ಕದಿಂದ ಬಂದವು. 1800ರ ದಶಕದ ಆರಂಭದಲ್ಲಿ ಇಂಗ್ಲೆಂಡಿನ ವಿಜ್ಞಾನಿ ಡಾಲ್ಟನ್ ತಕ್ಕಡಿ ಹಿಡಿದು ಬಂದರು. ಒಂದು ಧಾತುವಿನ (ಒಂದೇ ಬಗೆಯ ಪರಮಾಣುಗಳಿರುವ ವಸ್ತುವಿನ) ಇಷ್ಟು ತೂಕ ಇನ್ನೊಂದರ ಇಷ್ಟೇ ತೂಕದ ಜೊತೆ ಯಾಕೆ ಸೇರುತ್ತದೆ ಎಂಬುದಕ್ಕೆ ಪರಮಾಣುವಿನಿಂದ ಉತ್ತರ ಕೊಟ್ಟರು. ತೂಗಿ ನೋಡಿ ತಪ್ಪೋ ಸರಿಯೋ ಹೇಳಬಹುದಾದ ಮಾತು ಅದು. ಕಣಾದರನ್ನು ಗೌರವಿಸಲು ಡಾಲ್ಟನ್‌ರನ್ನು ಸಣ್ಣವರನ್ನಾಗಿ ಮಾಡಬೇಕಿಲ್ಲ.

ಮಣ್ಣು, ನೀರು, ಬೆಂಕಿ, ಗಾಳಿ ಇವು ಧಾತುಗಳಲ್ಲವಾ?

ಅಲ್ಲ. ಮಣ್ಣು ಹತ್ತಾರು ವಸ್ತುಗಳ ಮಿಶ್ರಣ. ಗಾಳಿಯೂ ಮಿಶ್ರಣ. ಅದರಲ್ಲಿ ಸಾರಜನಕ ಸುಮಾರು 78 ಪಾಲು, ಆಮ್ಲಜನಕ 21 ಪಾಲು. ನೀರು ಜಲಜನಕ ಮತ್ತು ಆಮ್ಲಜನಕ ಸೇರಿ ಆದ ಸಂಯುಕ್ತ. ಬೆಂಕಿ ವಸ್ತುವೇ ಅಲ್ಲ, ಉರಿಯುವ ಕ್ರಿಯೆಯಲ್ಲಿ ಕಾಣುವ ಬಿಸಿ ಅನಿಲ ಮತ್ತು ಬೆಳಕು. ಪಂಚಭೂತದ ಮಾತು ಬೇರೆ, ರಸಾಯನಶಾಸ್ತ್ರದ ಧಾತು ಬೇರೆ. ಎರಡನ್ನೂ ಒಂದೇ ಪೆಟ್ಟಿಗೆಗೆ ತುರುಕಬೇಡಿ.

ಈ ಕಲ್ಲು ಕಬ್ಬಿಣದ ಅದಿರು ಅಂತಾರೆ, ಆದರೆ ಅಯಸ್ಕಾಂತಕ್ಕೆ ಅಂಟೋದೇ ಇಲ್ಲ. ಇದರಲ್ಲಿ ಕಬ್ಬಿಣ ಇದೆಯಾ?

ಸಂಡೂರಿನಲ್ಲಿದ್ದಾಗ ಒಬ್ಬ ಹುಡುಗ ಕಲ್ಲನ್ನು ಮೇಜಿನ ಮೇಲಿಟ್ಟು ಇದನ್ನು ಕೇಳಿದ್ದ. ನನಗೆ ಇವತ್ತಿಗೂ ಇಷ್ಟವಾದ ಪ್ರಶ್ನೆ ಇದು. ಇದು ಸರಿಯಾಗಿ ತಿಳಿದರೆ ಅರ್ಧ ರಸಾಯನಶಾಸ್ತ್ರ ತಿಳಿದಂತೆ.

ಆ ಕಲ್ಲು ಹೆಮಟೈಟ್. ಅದರಲ್ಲಿ ಕಬ್ಬಿಣದ ಎರಡು ಪರಮಾಣುಗಳಿಗೆ ಆಮ್ಲಜನಕದ ಮೂರು ಪರಮಾಣುಗಳ ಲೆಕ್ಕದಲ್ಲಿ ಕೂಡಿವೆ. ಕಬ್ಬಿಣ ಖಂಡಿತ ಇದೆ. ಆದರೆ ಅದು ಆಮ್ಲಜನಕಕ್ಕೆ ಎಲೆಕ್ಟ್ರಾನ್ ಬಿಟ್ಟುಕೊಟ್ಟು ಬೇರೆ ರೂಪದಲ್ಲಿದೆ. ಹಾಗಾಗಿ ಬಡಿದರೆ ಬಗ್ಗುವುದಿಲ್ಲ, ಅಯಸ್ಕಾಂತಕ್ಕೆ ಜಗ್ಗುವುದಿಲ್ಲ. (ಮ್ಯಾಗ್ನೆಟೈಟ್ ಎಂಬ ಇನ್ನೊಂದು ಅದಿರಿದೆ, ಅದು ಅಂಟುತ್ತದೆ. ಕಲ್ಲಿನಲ್ಲಿ ಅದು ಸ್ವಲ್ಪ ಬೆರೆತಿದ್ದರೆ ಮೆಲ್ಲಗೆ ಜಗ್ಗಬಹುದು.)

ಹೀಗೆ ನೆನಪಿಡಿ. ಯಾವ ಧಾತು ಎಂಬುದನ್ನು ನ್ಯೂಕ್ಲಿಯಸ್ಸಿನ ಪ್ರೋಟಾನ್‌ಗಳು ಹೇಳುತ್ತವೆ. ಕಬ್ಬಿಣಕ್ಕೆ 26. ಅದಿರಿನಲ್ಲಿ 26, ಉಕ್ಕಿನಲ್ಲಿ 26, ತುಕ್ಕಿನಲ್ಲಿ 26, ನಿಮ್ಮ ರಕ್ತದಲ್ಲಿರುವ ಕಬ್ಬಿಣದಲ್ಲೂ 26. ಆದರೆ ಅದು ಹೇಗೆ ನಡೆದುಕೊಳ್ಳುತ್ತದೆ ಎಂಬುದನ್ನು ಹೊರಗಿನ ಎಲೆಕ್ಟ್ರಾನ್‌ಗಳು ನಿರ್ಧರಿಸುತ್ತವೆ. ಒಲೆ, ಕುಲುಮೆ, ಆಸಿಡ್ ಇವು ಎಲೆಕ್ಟ್ರಾನ್‌ಗಳನ್ನಷ್ಟೇ ಅತ್ತಿತ್ತ ಮಾಡಬಲ್ಲವು. ಪ್ರೋಟಾನ್ ಮುಟ್ಟಲಾರವು. ಮುಂದಿನ ಎಷ್ಟೋ ಉತ್ತರಗಳು ಇಲ್ಲಿಂದಲೇ ಬರುತ್ತವೆ.

ಮನೆಯಲ್ಲೇ ಒಂದು ಪರೀಕ್ಷೆ ಮಾಡಿ. ಟೈಲ್ಸಿನ ಹಿಂಬದಿಯ ಒರಟು ಮೈ ಮೇಲೆ ಆ ಕಲ್ಲನ್ನು ಉಜ್ಜಿ. ಕಲ್ಲು ಕಪ್ಪಗೆ ಹೊಳೆಯುತ್ತಿದ್ದರೂ ಗೆರೆ ಕೆಂಗಂದಾಗಿ ಬಂದರೆ ಅದು ಹೆಮಟೈಟ್. ಗಣಿ ಲಾರಿ ಹೋಗುವ ರಸ್ತೆಯ ಪಕ್ಕದ ಗಿಡಗಳ ಮೇಲೆ ಕೂರುವ ಬಣ್ಣವೂ ಅದೇ.

ಅದಿರಿಗೆ '65 ಗ್ರೇಡ್' ಅಂತಾರಲ್ಲ, ನೂರಕ್ಕೆ ನೂರು ಯಾಕೆ ಇರಲ್ಲ?

ಕಬ್ಬಿಣದ ಪರಮಾಣು ರಾಶಿ, ಅಂದರೆ ಒಂದು ಪರಮಾಣುವಿನ ತೂಕದ ಲೆಕ್ಕ, ಸುಮಾರು 56, ಆಮ್ಲಜನಕದ್ದು 16. ಎರಡು ಕಬ್ಬಿಣ ಅಂದರೆ 112. ಮೂರು ಆಮ್ಲಜನಕ ಅಂದರೆ 48. ಒಟ್ಟು 160. ಅದರಲ್ಲಿ 112 ಅಂದರೆ ನೂರಕ್ಕೆ 70. ಒಂದಿಷ್ಟೂ ಕಲ್ಲು ಮಣ್ಣು ಸೇರದ ಹೆಮಟೈಟಿನಲ್ಲೂ ಕಬ್ಬಿಣ 70 ಪಾಲೇ. ಹಾಗಾಗಿ 65 ಅಂದರೆ ಬಹಳ ಒಳ್ಳೆಯ ಅದಿರು. ತೋರಣಗಲ್ಲಿನಂಥ ಉಕ್ಕಿನ ಕಾರ್ಖಾನೆಯ ಊದು ಕುಲುಮೆಯಲ್ಲಿ ಆಗುವ ಕೆಲಸವೂ ಈ ಲೆಕ್ಕದ್ದೇ. ಕೋಕ್ (ಕಲ್ಲಿದ್ದಲಿನಿಂದ ಮಾಡಿದ ಉರುವಲು) ಉರಿದು ಕಾರ್ಬನ್ ಮೊನಾಕ್ಸೈಡ್ ಆಗುತ್ತದೆ, ಅದು ಅದಿರಿನ ಆಮ್ಲಜನಕವನ್ನು ಕಿತ್ತುಕೊಂಡು ಹೋಗುತ್ತದೆ, ಕಬ್ಬಿಣ ಉಳಿಯುತ್ತದೆ.

ಉಕ್ಕು ಕೋಷ್ಟಕದಲ್ಲಿ ಯಾಕಿಲ್ಲ? ಹಿತ್ತಾಳೆ?

ಆವರ್ತ ಕೋಷ್ಟಕ ಅಂದರೆ ಧಾತುಗಳನ್ನು ಸಾಲಾಗಿ ಜೋಡಿಸಿದ ಪಟ್ಟಿ. ಉಕ್ಕು, ಹಿತ್ತಾಳೆ ಧಾತುಗಳಲ್ಲ, ಮಿಶ್ರಲೋಹಗಳು. ಉಕ್ಕು ಅಂದರೆ ಕಬ್ಬಿಣಕ್ಕೆ ನೂರಕ್ಕೆ 2 ಪಾಲಿಗಿಂತ ಕಡಿಮೆ ಇಂಗಾಲ ಸೇರಿದ್ದು. ಹಿತ್ತಾಳೆ ಅಂದರೆ ತಾಮ್ರ ಮತ್ತು ಸತು, ಕಂಚು ಅಂದರೆ ತಾಮ್ರ ಮತ್ತು ತವರ. ಹಿತ್ತಾಳೆ ಪಾತ್ರೆಗೆ ಹಚ್ಚುವ ಕಲಾಯಿ ಮಾತ್ರ ಧಾತುವೇ, ಅದು ತವರ. 22 ಕ್ಯಾರೆಟ್ ಚಿನ್ನವೂ ಮಿಶ್ರಲೋಹ. 24 ಪಾಲಿನಲ್ಲಿ 22 ಪಾಲು ಚಿನ್ನ, ಉಳಿದದ್ದು ತಾಮ್ರ, ಬೆಳ್ಳಿಯಂಥವು.

ಕಬ್ಬಿಣಕ್ಕೆ ಎಫ್ಇ, ಚಿನ್ನಕ್ಕೆ ಎಯು ಯಾಕೆ? ಗೊಬ್ಬರದ ಚೀಲದ ಮೇಲಿನ ಎನ್‌ಪಿಕೆಯಲ್ಲಿ ಕೆ ಅಂದರೆ ಕ್ಯಾಲ್ಸಿಯಂ ತಾನೆ?

ಚಿಹ್ನೆಗಳಲ್ಲಿ ಕೆಲವು ಲ್ಯಾಟಿನ್ ಹೆಸರಿನಿಂದ ಬಂದವು. ಕಬ್ಬಿಣ ಫೆರಮ್, ಚಿನ್ನ ಔರಮ್, ಬೆಳ್ಳಿ ಅರ್ಜೆಂಟಮ್, ಸೋಡಿಯಂ ನೇಟ್ರಿಯಮ್. ಕೆ ಅಂದರೆ ಕೇಲಿಯಮ್, ಅಂದರೆ ಪೊಟ್ಯಾಷಿಯಂ. ಕ್ಯಾಲ್ಸಿಯಂ ಚಿಹ್ನೆ ಸಿಎ. ಈ ತಪ್ಪನ್ನು ಮಕ್ಕಳೂ ಮಾಡುತ್ತಾರೆ, ಹೊಲ ಮಾಡುವವರೂ ಮಾಡುತ್ತಾರೆ.

ಚೀಲದ ವಿಷಯ ಬಂದಿದ್ದಕ್ಕೆ ಇನ್ನೊಂದು ಮಾತು. ಸಿಂಧನೂರು, ಸಿರುಗುಪ್ಪ, ಗಂಗಾವತಿ ಕಡೆ ಭತ್ತದ ಗದ್ದೆಗೆ ಹಾಕುವ ಯೂರಿಯಾದ ಮೇಲೆ 46 ಎಂದಿರುತ್ತದೆ. ಅದು ಸಾರಜನಕದ ಪಾಲು. 45 ಕಿಲೋ ಚೀಲದಲ್ಲಿ ಸಾರಜನಕ ಸುಮಾರು 20.7 ಕಿಲೋ. ಆದರೆ ಡಿಎಪಿ ಎಂಬ ಇನ್ನೊಂದು ಗೊಬ್ಬರದ ಚೀಲದ ಮೇಲಿನ 18-46ರಲ್ಲಿ ಎರಡನೆಯ 46 ರಂಜಕದ ಪಾಲಲ್ಲ. ಅದು ರಂಜಕದ ಪೆಂಟಾಕ್ಸೈಡ್ ಎಂಬ ಸಂಯುಕ್ತದ ಲೆಕ್ಕ, ಹಳೆಯ ಕಾಲದ ರೂಢಿ. ಅದರೊಳಗಿನ ಆಮ್ಲಜನಕ ಕಳೆದರೆ ರಂಜಕ ನೂರಕ್ಕೆ ಸುಮಾರು 20 ಮಾತ್ರ. ಯಾರೂ ಮೋಸ ಮಾಡುತ್ತಿಲ್ಲ, ಎಲ್ಲ ಕಂಪನಿಗಳೂ ಹೀಗೇ ಬರೆಯುತ್ತವೆ. ಆದರೆ ಹಣ ಕೊಡುವವರಿಗೆ ಇದು ಗೊತ್ತಿರಬೇಕು.

ಆಮ್ಲಜನಕ ಅಂದರೆ ಆಮ್ಲ ಹುಟ್ಟಿಸುವುದು. ಎಲ್ಲ ಆಮ್ಲದಲ್ಲೂ ಅದು ಇರುತ್ತದಾ?

ಇಲ್ಲ. ಫ್ರಾನ್ಸಿನ ಲಾವಾಸಿಯೇ ಹಾಗೆ ಅಂದುಕೊಂಡು ಗ್ರೀಕಿನಲ್ಲಿ ಆ ಅರ್ಥದ ಹೆಸರಿಟ್ಟರು. ನಾವು ಅದನ್ನೇ ಕನ್ನಡ ಮಾಡಿಕೊಂಡೆವು. ನಮ್ಮ ಹೊಟ್ಟೆಯಲ್ಲಿರುವ ಹೈಡ್ರೋಕ್ಲೋರಿಕ್ ಆಮ್ಲದಲ್ಲಿ ಇರುವುದು ಜಲಜನಕ ಮತ್ತು ಕ್ಲೋರಿನ್, ಅಷ್ಟೇ. ತಪ್ಪು ತಿಳಿದ ಮೇಲೂ ಹೆಸರು ಉಳಿಯಿತು.

## ಕೋಷ್ಟಕದ ಹತ್ತಿರ ಬಂದ ಮೇಲೆ

ಇಷ್ಟು ಧಾತುಗಳನ್ನು ಈ ಆಕಾರದಲ್ಲೇ ಯಾಕೆ ಇಟ್ಟಿದ್ದಾರೆ? ಯಾರು ಇಟ್ಟರು?

ರಷ್ಯಾದ ದ್ಮಿತ್ರಿ ಮೆಂಡಲೀವ್, 1869ರಲ್ಲಿ. ಆಗ ಗೊತ್ತಿದ್ದದ್ದು 63 ಧಾತುಗಳು. ತೂಕದ ಕ್ರಮದಲ್ಲಿ ಸಾಲಾಗಿ ಇಡುತ್ತಾ ಹೋದಾಗ ಒಂದೇ ತರಹದ ಗುಣಗಳು ಮತ್ತೆ ಮತ್ತೆ ಬಂದವು. ಹಾಗೆ ಮರುಕಳಿಸಿದವುಗಳನ್ನು ಒಂದರ ಕೆಳಗೆ ಒಂದು ಇಟ್ಟರು. ಆವರ್ತ ಅನ್ನುವ ಹೆಸರು ಬಂದದ್ದು ಅದಕ್ಕೇ.

ಆದರೆ ಅವರ ದೊಡ್ಡತನ ಜೋಡಿಸಿದ್ದರಲ್ಲಿಲ್ಲ, ಖಾಲಿ ಬಿಟ್ಟದ್ದರಲ್ಲಿದೆ. ಅಲ್ಯೂಮಿನಿಯಂ ಕೆಳಗೆ ಸರಿಹೊಂದುವ ಧಾತು ಸಿಗಲಿಲ್ಲ. ಬೇರೊಂದನ್ನು ಅಲ್ಲಿ ತುರುಕದೆ, ಜಾಗ ಖಾಲಿ ಬಿಟ್ಟು, ಸಂಸ್ಕೃತದ 'ಏಕ' ಸೇರಿಸಿ 'ಏಕ-ಅಲ್ಯೂಮಿನಿಯಂ' ಎಂದು ಕರೆದರು. ಅದರ ಸಾಂದ್ರತೆ (ನೀರಿಗಿಂತ ಎಷ್ಟು ಪಟ್ಟು ಭಾರ ಎಂಬ ಲೆಕ್ಕ) 5.9ರ ಸುಮಾರು ಇರುತ್ತದೆ ಎಂದೂ ಹೇಳಿದರು. 1875ರಲ್ಲಿ ಫ್ರಾನ್ಸಿನ ಲೆಕಾಕ್ ದ ಬ್ವಾಬೊದ್ರಾನ್ ಅದನ್ನು ಕಂಡುಹಿಡಿದು ಗ್ಯಾಲಿಯಂ ಎಂದರು. ಆದರೆ ಸಾಂದ್ರತೆ 4.7 ಬಂತು. ಮತ್ತೆ ಶುದ್ಧ ಮಾಡಿ ಅಳೆಯಿರಿ ಎಂದು ಮೆಂಡಲೀವ್ ಬರೆದರು. ಅಳೆದಾಗ 5.9! ಕಣ್ಣಿಂದಲೇ ನೋಡದ ಲೋಹದ ಬಗ್ಗೆ, ಕೈಯಲ್ಲಿ ಹಿಡಿದವರಿಗಿಂತ ಅವರಿಗೇ ಚೆನ್ನಾಗಿ ಗೊತ್ತಿತ್ತು. ಇದನ್ನು ಹೇಳುವಾಗ ಪ್ರತಿ ವರ್ಷ ನನಗೆ ಮೈ ಜುಮ್ಮೆನ್ನುತ್ತದೆ. ಆಮೇಲೆ 1879ರಲ್ಲಿ ಸ್ಕ್ಯಾಂಡಿಯಂ, 1886ರಲ್ಲಿ ಜರ್ಮೇನಿಯಂ ಬಂದು ಇನ್ನೆರಡು ಖಾಲಿ ಜಾಗಗಳನ್ನೂ ತುಂಬಿದವು.

ಗ್ಯಾಲಿಯಂ ಕರಗುವುದು ಸುಮಾರು 29.8 ಡಿಗ್ರಿಗೆ. ರಾಯಚೂರಿನ ಮೇ ತಿಂಗಳಿನಲ್ಲಿ ತಟ್ಟೆಯಲ್ಲಿಟ್ಟರೆ ಒಲೆಯೇ ಬೇಡ, ತಾನಾಗಿ ನೀರಾಗುತ್ತದೆ.

ತೂಕದ ಕ್ರಮ ಅಂದಿರಿ. ಆದರೆ ಟೆಲ್ಯೂರಿಯಂ ಅಯೋಡಿನ್‌ಗಿಂತ ಭಾರ, ಆದರೂ ಅದೇ ಮೊದಲು ಬರುತ್ತದಲ್ಲ?

ಸರಿಯಾಗಿ ನೋಡಿದ್ದೀರಿ. ಟೆಲ್ಯೂರಿಯಂ 127.6, ಅಯೋಡಿನ್ 126.9. ಅಯೋಡಿನ್ ಗುಣದಲ್ಲಿ ಕ್ಲೋರಿನ್, ಬ್ರೋಮಿನ್ ಜೊತೆಯದ್ದು. ಹಾಗಾಗಿ ಮೆಂಡಲೀವ್ ಗುಣವನ್ನು ನಂಬಿ ಕ್ರಮ ಬದಲಿಸಿದರು. ಯಾಕೆ ಹೀಗೆ ಎಂಬುದು ಅವರ ಕಾಲದಲ್ಲಿ ಬಿಡಿಸಲಾಗಲಿಲ್ಲ. 1913ರಲ್ಲಿ ಇಂಗ್ಲೆಂಡಿನ ಹೆನ್ರಿ ಮೋಸ್ಲಿ ಧಾತುಗಳ ಎಕ್ಸ್‌ರೇ ಅಳೆದು, ಕ್ರಮ ಕೊಡಬೇಕಾದ್ದು ತೂಕವಲ್ಲ, ಪರಮಾಣು ಸಂಖ್ಯೆ, ಅಂದರೆ ಪ್ರೋಟಾನ್‌ಗಳ ಎಣಿಕೆ ಎಂದು ತೋರಿಸಿದರು. ಟೆಲ್ಯೂರಿಯಂ 52, ಅಯೋಡಿನ್ 53. ಎರಡು ವರ್ಷದ ಮೇಲೆ ಮೋಸ್ಲಿ ಯುದ್ಧದಲ್ಲಿ ಸತ್ತರು. ವಯಸ್ಸು 27.

118 ಧಾತುಗಳನ್ನೂ ಬಾಯಿಪಾಠ ಮಾಡಬೇಕಾ?

ಬೇಡ. ಮೊದಲ 20 ಬಾಯಿಗೆ ಬರಲಿ. ಆಮೇಲೆ ಜಾಗ ನೋಡಿ ಗುಣ ಹೇಳುವುದನ್ನು ಕಲಿಯಿರಿ. ಕೋಷ್ಟಕ ಇರುವುದೇ ಬಾಯಿಪಾಠದ ಹೊರೆ ಇಳಿಸಲು. ಮೊದಲ ಕಂಬಸಾಲಿನ ಲೋಹಗಳು ಹೊರಗಿನ ಒಂದು ಎಲೆಕ್ಟ್ರಾನನ್ನು ಬಿಟ್ಟುಕೊಡಲು ಕಾಯುತ್ತಿರುತ್ತವೆ. 17ನೆಯದರಲ್ಲಿ ಇರುವವು ಒಂದನ್ನು ಪಡೆಯಲು ಕಾಯುತ್ತಿರುತ್ತವೆ. 18ನೆಯದಕ್ಕೆ ಸಾಮಾನ್ಯವಾಗಿ ಏನೂ ಬೇಡ. ಇಷ್ಟು ತಿಳಿದರೆ ನೂರಾರು ಸೂತ್ರಗಳನ್ನು ನೀವೇ ಬರೆಯಬಹುದು.

ಎನ್‌ಸಿಇಆರ್‌ಟಿ ತನ್ನ ಹತ್ತನೇ ತರಗತಿಯ ಪುಸ್ತಕದಿಂದ ಈ ಪಾಠವನ್ನು ತೆಗೆಯಿತು, ಹನ್ನೊಂದರಲ್ಲಿ ಉಳಿಸಿತು. ನನಗೆ ಇದು ಸರಿ ಅನ್ನಿಸುವುದಿಲ್ಲ. ಹತ್ತು ಮುಗಿಸಿ ಆರ್ಟ್ಸ್‌ಗೋ ಐಟಿಐಗೋ ಹೋಗುವ ಮಗು ಇದನ್ನು ಮತ್ತೆಲ್ಲಿ ನೋಡಬೇಕು? ಪರೀಕ್ಷೆಯಲ್ಲಿ ಬರಲಿ ಬಿಡಲಿ, ನಾನು ನಾಲ್ಕು ತಾಸು ತೆಗೆದಿಟ್ಟು ಹೇಳಿಕೊಡುತ್ತೇನೆ.

ಜಾತ್ರೆಯ ಬಲೂನಿನಲ್ಲಿ ಇರುವುದು ಹೀಲಿಯಮ್ಮಾ? ಅದು ಉರಿಯಲ್ವಾ?

ಹೀಲಿಯಂ ಉರಿಯುವುದಿಲ್ಲ. ಅದರ ಎರಡು ಎಲೆಕ್ಟ್ರಾನ್‌ಗಳಿಂದಲೇ ಮೊದಲ ಕವಚ (ನ್ಯೂಕ್ಲಿಯಸ್ಸಿನ ಸುತ್ತ ಎಲೆಕ್ಟ್ರಾನ್‌ಗಳಿರುವ ಪದರ) ತುಂಬಿರುತ್ತದೆ, ಯಾರ ಜೊತೆಗೂ ಸೇರುವ ಗೊಡವೆ ಇಲ್ಲ. ಆದರೆ ಮೇಲೆ ಹಾರುವ ಬಲೂನುಗಳಿಗೆಲ್ಲ ಹೀಲಿಯಮ್ಮೇ ತುಂಬಿರುತ್ತಾರೆ ಎಂದುಕೊಳ್ಳಬೇಡಿ. ಅಗ್ಗವೆಂದು ಜಲಜನಕ ತುಂಬುವುದೂ ಉಂಟು. ಅದು ಒಂದು ಕಿಡಿಗೆ ಭಗ್ ಎಂದು ಹೊತ್ತಿಕೊಳ್ಳುತ್ತದೆ. ಕೊಪ್ಪಳದ ಗವಿಮಠದ ಜಾತ್ರೆಯಂಥ ಜನಜಂಗುಳಿಯಲ್ಲಿ ಅಂಥ ಬಲೂನು ಹಿಡಿದ ಮಗುವಿನ ಹತ್ತಿರ ಬೀಡಿ, ಊದುಬತ್ತಿ, ಒಲೆ ಯಾವುದೂ ಬೇಡ.

ಹೀಲಿಯಂ ಕಥೆಗೂ ನಮ್ಮ ಸೀಮೆಗೂ ನಂಟಿದೆ. 1868ರ ಆಗಸ್ಟ್ 18ರ ಪೂರ್ಣ ಸೂರ್ಯಗ್ರಹಣದ ನೆರಳು ಜಮಖಂಡಿಯಿಂದ ರಾಯಚೂರು ಸೀಮೆಯ ಮೇಲೆ ಹಾದು ಗುಂಟೂರಿಗೆ ಹೋಯಿತು. ಗುಂಟೂರಿನಲ್ಲಿ ಫ್ರಾನ್ಸಿನ ಜಾನ್ಸೆನ್ ಸೂರ್ಯನ ಅಂಚಿನ ಜ್ವಾಲೆಗಳ ಬೆಳಕನ್ನು ಪರೀಕ್ಷಿಸುತ್ತಿದ್ದರು. ಆ ಬೆಳಕಿನಲ್ಲಿ ಒಂದು ಹಳದಿ ಗೆರೆ ಇತ್ತು. ಅದು ಸೋಡಿಯಂ ಗೆರೆಯ ಪಕ್ಕದ್ದು, ಆದರೆ ಸೋಡಿಯಂದಲ್ಲ. ಅದು ಹೊಸ ಧಾತುವಿನದು ಎಂದು ಇಂಗ್ಲೆಂಡಿನ ಲಾಕಿಯರ್ ತೀರ್ಮಾನಿಸಿದರು. ಗ್ರೀಕಿನಲ್ಲಿ ಸೂರ್ಯನಿಗೆ ಹೀಲಿಯೋಸ್ ಎನ್ನುತ್ತಾರೆ, ಹೆಸರು ಅಲ್ಲಿಂದ. ಭೂಮಿಯ ಮೇಲೆ ಅದನ್ನು ಹಿಡಿದದ್ದು 1895ರಲ್ಲಿ, ವಿಲಿಯಂ ರಾಮ್ಸೆ.

## ಇನ್ನೂ ಸ್ವಲ್ಪ ಆಳಕ್ಕೆ

ಬೋರ್ ನೀರಿನಲ್ಲಿ ಫ್ಲೋರೈಡ್ ಇದೆ ಅಂತಾರೆ. ಕುದಿಸಿ ಕುಡಿದರೆ ಹೋಗುತ್ತದಾ?

ಹೋಗುವುದಿಲ್ಲ. ದಯವಿಟ್ಟು ಇದನ್ನು ಮನೆಯಲ್ಲಿ ಎಲ್ಲರಿಗೂ ಹೇಳಿ. ಕುದಿಸಿದರೆ ರೋಗಾಣು ಸಾಯುತ್ತವೆ. ಫ್ಲೋರೈಡ್ ಜೀವಿ ಅಲ್ಲ. ನೀರು ಆವಿಯಾಗಿ ಕಡಿಮೆಯಾದಷ್ಟೂ ಉಳಿದ ನೀರಿನಲ್ಲಿ ಅದರ ಪಾಲು ಜಾಸ್ತಿಯೇ ಆಗುತ್ತದೆ. ಬಟ್ಟೆಯಲ್ಲಿ ಸೋಸಿದರೂ ಪ್ರಯೋಜನವಿಲ್ಲ.

ಫ್ಲೋರಿನ್ ಎಂಬುದು ತಿಳಿ ಹಳದಿಯ ಭಯಂಕರ ಅನಿಲ. ಅದರ ಪರಮಾಣುವಿಗೆ 9 ಪ್ರೋಟಾನ್, 9 ಎಲೆಕ್ಟ್ರಾನ್. ಇನ್ನೊಂದು ಎಲೆಕ್ಟ್ರಾನ್ ಸಿಕ್ಕಿ 10 ಆದರೆ ಅದು ಫ್ಲೋರೈಡ್ ಅಯಾನು. ಬಣ್ಣವಿಲ್ಲ, ನೀರಿನಲ್ಲಿ ಕರಗಿ ಸುಮ್ಮನಿರುತ್ತದೆ. ನಮ್ಮ ಕಡೆಯ ಗ್ರಾನೈಟ್ ಕಲ್ಲಿನ ಖನಿಜಗಳಿಂದ ಬೋರ್ ನೀರಿಗೆ ಇಳಿಯುತ್ತದೆ. ಭಾರತದ ಮಾನಕದ ಪ್ರಕಾರ ಲೀಟರಿಗೆ 1 ಮಿಲಿಗ್ರಾಂ ಒಳಗೆ ಇರಬೇಕು. ಬೇರೆ ನೀರೇ ಇಲ್ಲದಿದ್ದರೆ 1.5ರ ತನಕ. ಅದಕ್ಕಿಂತ ಜಾಸ್ತಿ ಇರುವ ನೀರನ್ನು ವರ್ಷಗಟ್ಟಲೆ ಕುಡಿದರೆ, ಹಲ್ಲು ಮೂಡುವ ವಯಸ್ಸಿನ ಮಕ್ಕಳಿಗೆ ಕಂದು ಕಲೆ ಬರುತ್ತದೆ. ತೀರಾ ಹೆಚ್ಚಿದ್ದರೆ ದೊಡ್ಡವರ ಮೂಳೆ, ಕೀಲು ಬಿಗಿಯುತ್ತವೆ. ಊರಿನ ಶುದ್ಧ ನೀರಿನ ಘಟಕದ ಆರ್‌ಒ ಯಂತ್ರ ಸರಿಯಾಗಿ ನಡೆಯುತ್ತಿದ್ದರೆ ಫ್ಲೋರೈಡನ್ನು ಬಹುಮಟ್ಟಿಗೆ ತೆಗೆಯುತ್ತದೆ. ಹಿಡಿದಿಟ್ಟ ಮಳೆನೀರಿನಲ್ಲಿ ಅದು ಬಹಳ ಕಡಿಮೆ.

ಸೋಡಿಯಂ ನೀರಿಗೆ ಬಿದ್ದರೆ ಸಿಡಿಯುತ್ತದೆ, ಕ್ಲೋರಿನ್ ವಿಷ. ಎರಡೂ ಸೇರಿದ ಉಪ್ಪನ್ನು ಹೇಗೆ ತಿನ್ನುತ್ತೇವೆ?

ಸಿಡಿಯುವುದು ಆ ಒಂದು ಹೊರ ಎಲೆಕ್ಟ್ರಾನನ್ನು ಬಿಟ್ಟುಕೊಡುವ ಅವಸರದಿಂದ. ಉಪ್ಪಿನಲ್ಲಿ ಸೋಡಿಯಂ ಅದನ್ನು ಕೊಟ್ಟು ಮುಗಿಸಿದೆ, ಕ್ಲೋರಿನ್ ಪಡೆದು ಮುಗಿಸಿದೆ. ಇನ್ನು ಜಗಳವಿಲ್ಲ.

ಕ್ಲೋರಿನ್ ರಾಶಿ 35.5. ಅರ್ಧ ಪ್ರೋಟಾನ್ ಇರುತ್ತದಾ?

ಇಲ್ಲ. ಅದು ಸರಾಸರಿ. ಪ್ರಕೃತಿಯಲ್ಲಿ ಸಿಗುವ ಪ್ರತಿ ನಾಲ್ಕು ಕ್ಲೋರಿನ್ ಪರಮಾಣುಗಳಲ್ಲಿ ಸುಮಾರು ಮೂರರ ರಾಶಿ 35, ಒಂದರದು 37. ಕೂಡಿಸಿ ನಾಲ್ಕರಿಂದ ಭಾಗಿಸಿ, 35.5 ಬರುತ್ತದೆ. ಎರಡಕ್ಕೂ ಪ್ರೋಟಾನ್ 17, ನ್ಯೂಟ್ರಾನ್ ಮಾತ್ರ 18 ಅಥವಾ 20. ಇಂಥವೇ ಐಸೋಟೋಪ್‌ಗಳು.

ಮೂರನೇ ಕವಚದಲ್ಲಿ 18 ಹಿಡಿಸುತ್ತದೆ ಅಂದಮೇಲೆ ಪೊಟ್ಯಾಷಿಯಂ 2, 8, 9 ಯಾಕಲ್ಲ? 2, 8, 8, 1 ಯಾಕೆ?

ಈ ಅಂಕೆಗಳು ಪೊಟ್ಯಾಷಿಯಂನ 19 ಎಲೆಕ್ಟ್ರಾನ್‌ಗಳು ಒಂದೊಂದು ಕವಚದಲ್ಲಿ ಎಷ್ಟೆಷ್ಟು ಎಂಬ ಲೆಕ್ಕ. ಕವಚದೊಳಗೆ ಮತ್ತೆ ಕೋಣೆಗಳಿವೆ. ಮೂರನೇ ಕವಚದಲ್ಲಿ ಮೂರು ಕೋಣೆ: 2, 6, 10 ಹಿಡಿಸುವವು. ಮೊದಲ ಎರಡು ತುಂಬಿದರೆ 8. ಹತ್ತು ಹಿಡಿಸುವ ಮೂರನೇ ಕೋಣೆಗೆ ಹೋಗಲು, ಪೊಟ್ಯಾಷಿಯಂನಲ್ಲಿ, ನಾಲ್ಕನೇ ಕವಚದ ಮೊದಲ ಕೋಣೆಗಿಂತ ಹೆಚ್ಚು ಶಕ್ತಿ ಬೇಕು. ಎಲೆಕ್ಟ್ರಾನ್ ಕಡಿಮೆ ಶಕ್ತಿಯ ಜಾಗಕ್ಕೇ ಹೋಗುತ್ತದೆ. ಪೊಟ್ಯಾಷಿಯಂ, ಕ್ಯಾಲ್ಸಿಯಂ ಆದಮೇಲೆ, 21ರಿಂದ 30ರವರೆಗಿನ ಹತ್ತು ಧಾತುಗಳಲ್ಲಿ ಆ ಬಿಟ್ಟುಹೋದ ಕೋಣೆ ತುಂಬುತ್ತದೆ. ಕೋಷ್ಟಕದ ನಡುವೆ ಹತ್ತು ಕಂಬಸಾಲಿನ ತಗ್ಗು ಇರುವುದು ಅದಕ್ಕೇ. ಆ ಹತ್ತರಲ್ಲಿ ಮ್ಯಾಂಗನೀಸ್ 25, ಕಬ್ಬಿಣ 26. ಸಂಡೂರಿನ ಬೆಟ್ಟದಲ್ಲೂ ಇವೆರಡೂ ಅಕ್ಕಪಕ್ಕವೇ ಸಿಗುತ್ತವೆ.

ತಾಮ್ರದಿಂದ ಚಿನ್ನ ಮಾಡ್ತೀವಿ ಅಂತ ಬರುತ್ತಾರೆ. ಆಗುತ್ತದಾ?

ಅಂಥವರಿಗೆ ಒಂದು ರೂಪಾಯಿಯನ್ನೂ ಕೊಡಬೇಡಿ. ತಾಮ್ರಕ್ಕೆ 29 ಪ್ರೋಟಾನ್, ಚಿನ್ನಕ್ಕೆ 79. ಯಾವ ಬೇರು, ಯಾವ ಭಸ್ಮ, ಯಾವ ಕುಲುಮೆಯೂ ಆ ಐವತ್ತನ್ನು ಸೇರಿಸಲಾರದು. ನ್ಯೂಕ್ಲಿಯಸ್ಸನ್ನೇ ಒಡೆಯುವ ಯಂತ್ರ ಬೇಕು. ಯೂರೋಪಿನ ಸರ್ನ್ ಪ್ರಯೋಗಾಲಯದಲ್ಲಿ ಸೀಸದ ನ್ಯೂಕ್ಲಿಯಸ್‌ಗಳು ಒಂದಕ್ಕೊಂದು ತೀರಾ ಹತ್ತಿರ ಹಾದಾಗ ಮೂರು ಪ್ರೋಟಾನ್ ಕಳಚಿ, 82 ಇದ್ದದ್ದು 79 ಆದದ್ದಿದೆ. 2015ರಿಂದ 2018ರವರೆಗೆ ಹಾಗೆ ಆದ ಚಿನ್ನವೆಲ್ಲ ಕೂಡಿದರೆ 29 ಪಿಕೋಗ್ರಾಂ. ಒಂದು ಗ್ರಾಮನ್ನು ಲಕ್ಷ ಕೋಟಿ ಪಾಲು ಮಾಡಿ ಅದರಲ್ಲಿ 29 ಪಾಲು. ಅದೂ ಕಣ್ಣು ಮಿಟುಕಿಸುವುದರೊಳಗೆ ಚೂರಾಗಿ ಹೋಯಿತು.

ಹಟ್ಟಿಯಲ್ಲಿ ಚಿನ್ನ ಮಾಡುವುದಿಲ್ಲ, ಇರುವುದನ್ನು ಬೇರೆ ಮಾಡುತ್ತಾರೆ. ಟನ್ ಅದಿರಿನಲ್ಲಿ ಕೆಲವೇ ಗ್ರಾಂ. ಅದನ್ನು ಪುಡಿ ಮಾಡಿ, ಸಯನೈಡ್ ದ್ರಾವಣದಲ್ಲಿ ಕರಗಿಸಿ ಹೊರತೆಗೆಯುತ್ತಾರೆ. ಆ ಪರಮಾಣುಗಳು ಭೂಮಿ ಹುಟ್ಟುವುದಕ್ಕಿಂತ ಮೊದಲಿನವು. ನ್ಯೂಟ್ರಾನ್ ನಕ್ಷತ್ರಗಳು ಡಿಕ್ಕಿ ಹೊಡೆದಾಗ ಇಂಥ ಭಾರದ ಧಾತುಗಳು ಹುಟ್ಟುತ್ತವೆ. ಅಂಥ ಒಂದು ಡಿಕ್ಕಿಯನ್ನು 2017ರಲ್ಲಿ ವಿಜ್ಞಾನಿಗಳು ನೋಡಿದರು.

ನಮ್ಮೂರ ಗುಡ್ಡದಲ್ಲಿ ಹೊಸ ಧಾತು ಸಿಗಬಹುದಾ?

ಸಿಗುವುದಿಲ್ಲ. ಪ್ರೋಟಾನ್ ಎಣಿಕೆ 1, 2, 3 ಹೀಗೆ ಪೂರ್ತಿ ಸಂಖ್ಯೆಯೇ. 26 ಮತ್ತು 27ರ ನಡುವೆ ಯಾವ ಧಾತುವಿಗೂ ಜಾಗವಿಲ್ಲ. 1ರಿಂದ 118ರವರೆಗೆ ಈಗ ಖಾಲಿ ಮನೆ ಒಂದೂ ಇಲ್ಲ. ಕೊನೆಯ ನಾಲ್ಕಕ್ಕೆ 2016ರಲ್ಲಿ ಹೆಸರಿಟ್ಟರು: ನಿಹೋನಿಯಂ, ಮಾಸ್ಕೋವಿಯಂ, ಟೆನ್ನೆಸೀನ್, ಒಗಾನೆಸ್ಸಾನ್. ಅವನ್ನು ಪ್ರಯೋಗಾಲಯದಲ್ಲಿ ಒಂದೆರಡು ಪರಮಾಣುಗಳ ಲೆಕ್ಕದಲ್ಲಿ ಮಾಡಿದ್ದಾರೆ, ಹುಟ್ಟಿದ ಹಾಗೆಯೇ ಒಡೆದುಹೋಗುತ್ತವೆ. 119 ಮಾಡಲು ಜಪಾನ್ ಸೇರಿ ಕೆಲವು ಕಡೆ ಪ್ರಯತ್ನ ನಡೆದಿದೆ.

ಆದರೆ ಹೊಸ ಖನಿಜ ಸಿಗಬಹುದು. ಅದೇ ಹಳೆಯ ಧಾತುಗಳು ಹೊಸ ರೀತಿಯಲ್ಲಿ ಕೂಡಿರುವ ಕಲ್ಲು. ಹಾಗಾಗಿ ವಿಚಿತ್ರ ಬಣ್ಣದ, ವಿಚಿತ್ರ ತೂಕದ ಕಲ್ಲು ಸಿಕ್ಕರೆ ಎಸೆಯಬೇಡಿ. ಟೈಲ್ಸಿನ ಮೇಲೆ ಉಜ್ಜಿ, ಅಯಸ್ಕಾಂತ ಹಿಡಿಯಿರಿ, ಎಲ್ಲಿ ಸಿಕ್ಕಿತು ಎಂದು ಚೀಟಿ ಬರೆದು ಕಟ್ಟಿ, ಶಾಲೆಗೆ ತನ್ನಿ.